ರಾಷ್ಟ್ರತಂಡದ ಆಯ್ಕೆ: ನ್ಯೂಜಿಲೆಂಡಿನ ರಗ್ಬಿ ಇತಿಹಾಸದಲ್ಲಿ ಅರ್ಹತೆ ಮತ್ತು ಸಾಮರ್ಥ್ಯ

1. ಪೀಠಿಕೆ

ಒಂದು ದೇಶದ ಹೆಸರಿನಲ್ಲಿ ಆಟವಾಡಲು ಹೋಗುವ ತಂಡವನ್ನು ಆರಿಸುವ ಕಾರ್ಯವು ಮೇಲುನೋಟಕ್ಕೆ ಕ್ರೀಡಾರಂಗದ ಒಳಗಿನ ವ್ಯವಹಾರವೆಂದು ತೋರುತ್ತದೆ. ಅದರಲ್ಲಿ ಇತಿಹಾಸದ ವಿದ್ಯಾರ್ಥಿಗೆ ಕೆಲಸವೇನು ಎಂಬ ಪ್ರಶ್ನೆ ಸಹಜವಾದುದೇ. ಆದರೆ ಆಯ್ಕೆಯ ಫಲವಾಗಿ ಹೊರಬೀಳುವ ಮೂವತ್ತು ಹೆಸರುಗಳ ಪಟ್ಟಿಯೂ ಒಂದು ದಾಖಲೆಯೇ. ದಾನಶಾಸನದ ಕೊನೆಯಲ್ಲಿ ಬರುವ ಸಾಕ್ಷಿಗಳ ಹೆಸರುಗಳನ್ನು ಓದುವಾಗ, ಆ ಊರಿನಲ್ಲಿ ಯಾರ ಮಾತಿಗೆ ಬೆಲೆಯಿತ್ತು ಎಂಬುದನ್ನು ನಾವು ಅದರಿಂದ ಊಹಿಸುತ್ತೇವೆ; ಆ ಪಟ್ಟಿಯಲ್ಲಿ ಯಾರ ಹೆಸರು ಇಲ್ಲ ಎಂಬುದನ್ನೂ ವಿಚಾರಿಸುತ್ತೇವೆ. ರಾಷ್ಟ್ರತಂಡದ ಪಟ್ಟಿಯನ್ನೂ ಇದೇ ಕ್ರಮದಲ್ಲಿ ಓದಲು ಸಾಧ್ಯವೆ, ಓದಿದರೆ ಏನು ತಿಳಿಯುತ್ತದೆ ಎಂಬುದನ್ನು ಒಂದು ನಿದರ್ಶನದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾವು ಆರಿಸಿಕೊಂಡಿರುವ ನಿದರ್ಶನ ನ್ಯೂಜಿಲೆಂಡಿನದು. ಆ ದೇಶದ ರಗ್ಬಿ ತಂಡವು ದಕ್ಷಿಣ ಆಫ್ರಿಕಕ್ಕೆ 1928, 1949 ಮತ್ತು 1960ರಲ್ಲಿ ಮೂರು ಬಾರಿ ಪ್ರವಾಸ ಹೊರಟಾಗ, ದೇಶದ ಮೂಲನಿವಾಸಿಗಳಾದ ಮಾವೋರಿ ಜನಾಂಗದ ಆಟಗಾರರನ್ನು ಆಯ್ಕೆಗೆ ಪರಿಗಣಿಸಲೇ ಇಲ್ಲ. 1970ರಲ್ಲಿ ಮಾತ್ರ ಅವರು ಆ ಪಟ್ಟಿಯಲ್ಲಿ ಸೇರಿದರು. ಈ ಅರ್ಧ ಶತಮಾನದ ಕಥೆಯೇ ನಮ್ಮ ಮುಖ್ಯ ವಿಷಯ. ಅದರ ಹಿಂದುಮುಂದನ್ನು ಅಗತ್ಯವಿದ್ದಷ್ಟು ಮಾತ್ರ ಹೇಳುತ್ತೇವೆ.

ರಗ್ಬಿ ಆಟವು ನಮ್ಮ ನಾಡಿನಲ್ಲಿ ಹೆಚ್ಚು ಪರಿಚಿತವಲ್ಲವಾದುದರಿಂದ ಎರಡು ಮಾತು ಆವಶ್ಯಕ. ಈ ಆಟದಲ್ಲಿ ಒಂದೊಂದು ಪಕ್ಷಕ್ಕೆ 15 ಜನ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎಂಟು ಮಂದಿ ಮುಂದಾಳುಗಳು ಹೆಗಲಿಗೆ ಹೆಗಲು ಕೊಟ್ಟು ಎದುರಾಳಿಗಳನ್ನು ನೂಕುತ್ತಾರೆ. ಈ ನೂಕಾಟಕ್ಕೆ ಸ್ಕ್ರಂ ಎಂದು ಹೆಸರು. ಉಳಿದ ಏಳು ಮಂದಿ ಹಿಂದೆ ನಿಂತು ಚೆಂಡನ್ನು ಒಬ್ಬರಿಂದೊಬ್ಬರಿಗೆ ಸಾಗಿಸುತ್ತ ಓಡುತ್ತಾರೆ. ಸ್ಕ್ರಮ್ಮಿನಿಂದ ಹೊರಬರುವ ಚೆಂಡನ್ನು ಎತ್ತಿಕೊಂಡು ಹಿಂದಿನವರಿಗೆ ದಾಟಿಸುವವನು ಹಾಫ್‌ಬ್ಯಾಕ್. ಇವನೇ ಎರಡು ಭಾಗಗಳನ್ನೂ ಸೇರಿಸುವ ಕೊಂಡಿ. ಎಲ್ಲರಿಗಿಂತ ಹಿಂದೆ ಏಕಾಕಿಯಾಗಿ ಕಾವಲು ನಿಲ್ಲುವವನು ಫುಲ್‌ಬ್ಯಾಕ್. ಈ ಎರಡು ಸ್ಥಾನಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಭಾರತಕ್ಕೂ ಈ ಆಟಕ್ಕೂ ಇರುವ ಒಂದು ಹಳೆಯ ನಂಟನ್ನು ಇಲ್ಲಿಯೇ ಹೇಳಬಹುದು: ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಪ್ರತಿವರ್ಷ ಸ್ಪರ್ಧಿಸುವ ಕಲ್ಕತ್ತ ಕಪ್ ಎಂಬ ಪಾರಿತೋಷಕವು, ಕಲ್ಕತ್ತೆಯ ಒಂದು ಕ್ಲಬ್ಬು ವಿಸರ್ಜನೆಗೊಂಡಾಗ ಅದರಲ್ಲಿ ಉಳಿದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ 1878ರಲ್ಲಿ ಮಾಡಿಸಿದುದು.

2. ತಂಡದ ಉದಯ ಮತ್ತು ಆಯ್ಕೆಯ ಕ್ರಮ

ನ್ಯೂಜಿಲೆಂಡಿನಲ್ಲಿ ಬ್ರಿಟಿಷ್ ಪ್ರಭುತ್ವವು 1840ರ ವೈತಾಂಗಿ ಒಪ್ಪಂದದಿಂದ ಪ್ರಾರಂಭವಾಯಿತು. 1867ರಲ್ಲಿ ಮಾವೋರಿಗಳಿಗೆಂದು ಶಾಸನಸಭೆಯಲ್ಲಿ ನಾಲ್ಕು ಸ್ಥಾನಗಳನ್ನು ಕಲ್ಪಿಸಲಾಯಿತು. ಭೂಮಿಯ ವಿಷಯದಲ್ಲಿ ನಡೆದ ಯುದ್ಧಗಳು, ಅಪಹರಣಗಳು ಕಡಿಮೆಯೇನಲ್ಲ. ಆದರೂ ಕಾಗದದ ಮೇಲಾದರೂ ಎರಡು ಜನಾಂಗಗಳೂ ಸಮಾನರೆಂಬ ತತ್ತ್ವವನ್ನು ಆ ದೇಶ ಒಪ್ಪಿಕೊಂಡಿತ್ತು. ಮಾತ್ರವಲ್ಲ, ಅದನ್ನು ತನ್ನ ಹೆಗ್ಗಳಿಕೆಯೆಂದು ಹೇಳಿಕೊಳ್ಳುತ್ತಲೂ ಇತ್ತು.

ರಗ್ಬಿಯಲ್ಲಿ ಈ ಸಮಾನತೆಗೆ ಬಹುಮಟ್ಟಿಗೆ ನಿಜವಾದ ಆಧಾರವಿತ್ತೆಂಬುದು ಗಮನಾರ್ಹ. 1888-89ರಲ್ಲಿ, ರಾಷ್ಟ್ರೀಯ ಸಂಘವು ಇನ್ನೂ ಹುಟ್ಟುವ ಮೊದಲೇ, ಬಹುತೇಕ ಮಾವೋರಿಗಳೇ ಇದ್ದ ಒಂದು ತಂಡವು ಬ್ರಿಟನ್ನಿನವರೆಗೆ ಪ್ರವಾಸ ಮಾಡಿ ಒಟ್ಟು 107 ರಗ್ಬಿ ಪಂದ್ಯಗಳನ್ನಾಡಿ 78ರಲ್ಲಿ ಗೆದ್ದಿತು. ರಾಷ್ಟ್ರೀಯ ರಗ್ಬಿ ಸಂಘ ಸ್ಥಾಪಿತವಾದುದು 1892ರಲ್ಲಿ. ಮರುವರ್ಷ ಆ ಸಂಘವು ಆರಿಸಿ ಕಳುಹಿಸಿದ ಮೊದಲ ತಂಡದ ನಾಯಕ ಥಾಮಸ್ ಎಲಿಸನ್ ಮಾವೋರಿ ಮನೆತನದವನು. ಇಂದಿಗೂ ಜಗತ್ಪ್ರಸಿದ್ಧವಾಗಿರುವ ಕಪ್ಪು ಅಂಗಿ, ಅದರ ಮೇಲಿನ ಬೆಳ್ಳಿಬಣ್ಣದ ಜರಿಗಿಡದ ಎಲೆ, ಇವನ್ನು ತಂಡದ ಉಡುಪಾಗಿ ಸೂಚಿಸಿದವನೂ ಅವನೇ. ಹೀಗೆ 'ಆಲ್ ಬ್ಲ್ಯಾಕ್ಸ್' ಎಂದು ಮುಂದೆ ಹೆಸರಾದ ತಂಡದ ಹುಟ್ಟಿನಲ್ಲಿಯೇ ಮಾವೋರಿಗಳ ಕೈಯಿದೆ. ಅದೇ 1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೋಹನದಾಸ ಗಾಂಧಿ ಎಂಬ ತರುಣ ಬ್ಯಾರಿಸ್ಟರನ್ನು ಮೊದಲನೆಯ ದರ್ಜೆಯ ಗಾಡಿಯಿಂದ ಹೊರಕ್ಕೆ ದಬ್ಬಲಾಯಿತೆಂಬುದು ನಮ್ಮ ವಾಚಕರಿಗೆ ತಿಳಿದ ಸಂಗತಿ. ಎರಡು ವಸಾಹತುಗಳ ರೀತಿನೀತಿಗಳ ಅಂತರವನ್ನು ಈ ಎರಡು ಘಟನೆಗಳಿಂದ ಅಳೆಯಬಹುದು. ಈ ಅಂತರವನ್ನಿಟ್ಟುಕೊಂಡೇ ಎರಡು ದೇಶಗಳೂ ಆಟದ ಅಂಗಣದಲ್ಲಿ ಕೂಡಬೇಕಾದಾಗ, ಯಾರು ಯಾರ ರೀತಿಗೆ ಬಾಗಬೇಕು ಎಂಬ ಪ್ರಶ್ನೆ ಬಂದೇ ಬರುವುದಿತ್ತು.

1905-06ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಉತ್ತರ ಅಮೆರಿಕಕ್ಕೆ ಹೋದ ನ್ಯೂಜಿಲೆಂಡ್ ತಂಡವು 35 ಪಂದ್ಯಗಳಲ್ಲಿ ವೇಲ್ಸಿಗೆ ಮಾತ್ರ ಒಂದರಲ್ಲಿ ಸೋತು ಮರಳಿತು. ಅಂದಿನಿಂದ ರಗ್ಬಿ ಆ ಚಿಕ್ಕ ದೇಶದ ಸ್ವಾಭಿಮಾನದ ವಿಷಯವಾಯಿತು. ತಂಡದ ಆಯ್ಕೆಯನ್ನು ಇಡೀ ದೇಶವೇ ಕಾತರದಿಂದ ಕಾಯುವ ಪರಿಪಾಠವೂ ಬೆಳೆಯಿತು.

ಆಯ್ಕೆಯ ಕ್ರಮ ಹೀಗೆ: ಊರೂರಿನ ಕ್ಲಬ್ಬುಗಳಿಂದ ಪ್ರಾಂತದ ತಂಡಗಳಿಗೆ ಆಟಗಾರರು ಏರಿಬರುತ್ತಾರೆ. ಪ್ರಾಂತ ಪ್ರಾಂತಗಳ ನಡುವೆ ರ‍್ಯಾನ್‌ಫರ್ಲಿ ಫಲಕಕ್ಕಾಗಿ ಹೋರಾಟ ನಡೆಯುತ್ತದೆ. 1897ರಲ್ಲಿ ಆರಂಭವಾದ ಉತ್ತರ ದ್ವೀಪ-ದಕ್ಷಿಣ ದ್ವೀಪಗಳ ಪಂದ್ಯವೂ ಇತ್ತು. ಇವುಗಳಲ್ಲಿ ಎದ್ದುಕಂಡವರನ್ನು ಪರೀಕ್ಷಾಪಂದ್ಯಗಳಿಗೆ ಕರೆಯಿಸಿ, ಸಂಘದಿಂದ ನಿಯಮಿತರಾದ ಕೆಲವೇ ಮಂದಿ ಆಯ್ಕೆದಾರರು ಅಂತಿಮ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದರು. ದೀರ್ಘ ಪ್ರವಾಸಕ್ಕೆ 15 ಜನ ಸಾಲದು. ಒಂದೊಂದು ಸ್ಥಾನಕ್ಕೆ ಇಬ್ಬರಂತೆ ಮೂವತ್ತರ ಆಸುಪಾಸಿನ ಜನ ಬೇಕು. 1995ರವರೆಗೆ ಈ ಆಟದಲ್ಲಿ ಸಂಬಳದ ಪದ್ಧತಿ ಇರಲಿಲ್ಲವಾದುದರಿಂದ, ಹೊಲ ಗದ್ದೆಗಳನ್ನೂ ಉದ್ಯೋಗವನ್ನೂ ಬಿಟ್ಟು ತಿಂಗಳುಗಟ್ಟಲೆ ಹೊರಗಿರಲು ಆಟಗಾರನಿಗೆ ಅನುಕೂಲವುಂಟೆ ಎಂಬುದನ್ನೂ ನೋಡಬೇಕಾಗುತ್ತಿತ್ತು.

ಈ ವಿವರಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಆಯ್ಕೆಯಲ್ಲಿ ಎರಡು ಹಂತಗಳಿವೆ. ಯಾರನ್ನು ಪರಿಗಣಿಸಬಹುದು ಎಂಬುದು ಮೊದಲನೆಯದು. ಅದನ್ನು ಅರ್ಹತೆಯ ಹಂತವೆನ್ನೋಣ. ಪರಿಗಣಿತರಾದವರಲ್ಲಿ ಯಾರು ಉತ್ತಮರು ಎಂಬುದು ಎರಡನೆಯದು. ಅದು ಸಾಮರ್ಥ್ಯದ ಹಂತ. ಪತ್ರಿಕೆಗಳಲ್ಲಿ, ಹೋಟೆಲುಗಳಲ್ಲಿ, ಕುರಿಮಂದೆಗಳ ನಡುವೆ ಜನ ಚರ್ಚಿಸುತ್ತಿದ್ದುದು ಎರಡನೆಯದನ್ನು. ಮೊದಲನೆಯದನ್ನು ನಿಶ್ಚಯಿಸುತ್ತಿದ್ದವರು ಆಯ್ಕೆದಾರರಲ್ಲ, ಸಂಘದ ಆಡಳಿತ ಮಂಡಲಿಯವರು. ಪ್ರಕಟವಾದ ಪಟ್ಟಿಯಲ್ಲಿ ಎರಡನೆಯ ಹಂತದ ಫಲ ಮಾತ್ರ ಕಾಣುತ್ತದೆ. ಮೊದಲನೆಯ ಹಂತದಲ್ಲಿ ಬಿದ್ದುಹೋದವರ ಗುರುತು ಅಲ್ಲಿ ಇರುವುದಿಲ್ಲ.

3. 1919ರಿಂದ 1928: ಬಾಯಿಮಾತಿನ ಕಟ್ಟಳೆ

ಪ್ರಶ್ನೆಯು ಮೊಟ್ಟಮೊದಲು ತಲೆಯೆತ್ತಿದುದು ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ. ಬ್ರಿಟನ್ನಿನಲ್ಲಿದ್ದ ನ್ಯೂಜಿಲೆಂಡ್ ಸೈನ್ಯದ ರಗ್ಬಿ ತಂಡವು 1919ರಲ್ಲಿ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ ಪಂದ್ಯಗಳನ್ನಾಡಲು ಒಪ್ಪಿತು. ಆ ತಂಡದಲ್ಲಿ ನಥಾನಿಯಲ್ ಆರ್ಥರ್ ವಿಲ್ಸನ್ ಎಂಬ ಅನುಭವಿ ಇದ್ದನು. ಯುದ್ಧಕ್ಕೆ ಮುಂಚೆ 1908ರಿಂದ 1914ರವರೆಗೆ ರಾಷ್ಟ್ರತಂಡದಲ್ಲಿ ಆಡಿದವನು. ಅವನು ಮಾವೋರಿಯಲ್ಲ, ತಂದೆ ವೆಸ್ಟ್ ಇಂಡೀಸಿನವನು, ತಾಯಿ ಇಂಗ್ಲಿಷಿನವಳು. ಮೈಬಣ್ಣ ಕಪ್ಪಾಗಿದ್ದುದರಿಂದ, ಅಂದು ಕ್ರಿಕೆಟ್ಟಿನಲ್ಲಿ ಲೋಕವಿಖ್ಯಾತರಾಗಿದ್ದ ನಮ್ಮ ರಣಜಿತ್‌ಸಿಂಹರ ಹೆಸರೇ ಅವನಿಗೆ ಅಡ್ಡಹೆಸರಾಗಿ, ಎಲ್ಲರೂ ಅವನನ್ನು 'ರಂಜಿ' ವಿಲ್ಸನ್ ಎಂದೇ ಕರೆಯುತ್ತಿದ್ದರು. ಬಿಳಿಯರಲ್ಲದವರ ಆಗಮನವು ತಮಗೆ ಇಷ್ಟವಿಲ್ಲವೆಂಬುದನ್ನು ದಕ್ಷಿಣ ಆಫ್ರಿಕದ ರಗ್ಬಿ ಮಂಡಲಿ ಮುಂಚಿತವಾಗಿಯೇ ಸೂಚಿಸಿತು. ವಿಲ್ಸನ್ ಅಲ್ಲಿ ಆಡಲಿಲ್ಲ. ಸೈನಿಕನೊಬ್ಬ ಸಾಮ್ರಾಜ್ಯದ ಸೇವೆ ಮುಗಿಸಿ ಹಿಂದಿರುಗುವಾಗ, ಅದೇ ಸಾಮ್ರಾಜ್ಯದ ಇನ್ನೊಂದು ಭಾಗದಲ್ಲಿ ಆಟಕ್ಕೂ ಅನರ್ಹನಾದನು.

ಎರಡನೆಯ ಘಟನೆ 1921ರದು. ದಕ್ಷಿಣ ಆಫ್ರಿಕದ 'ಸ್ಪ್ರಿಂಗ್‌ಬಾಕ್' ತಂಡವು ಮೊದಲ ಬಾರಿಗೆ ನ್ಯೂಜಿಲೆಂಡಿಗೆ ಬಂದಾಗ ಸೆಪ್ಟೆಂಬರ್ 7ರಂದು ನೇಪಿಯರಿನಲ್ಲಿ ಮಾವೋರಿ ತಂಡದೊಡನೆ ಆಡಿ 9-8ರಿಂದ ಪ್ರಯಾಸದ ಗೆಲವು ಪಡೆಯಿತು. ಜತೆಯಲ್ಲಿ ಬಂದಿದ್ದ ದಕ್ಷಿಣ ಆಫ್ರಿಕದ ಪತ್ರಕರ್ತನು ತನ್ನ ದೇಶಕ್ಕೆ ಕಳುಹಿಸಿದ ತಂತಿಯಲ್ಲಿ, ಬಿಳಿಯ ಪ್ರೇಕ್ಷಕರು ಸ್ವಜನಾಂಗದವರ ವಿರುದ್ಧ ಕಪ್ಪುಜನರಿಗೆ ಜಯಘೋಷ ಮಾಡಿದುದನ್ನು ಕಂಡು ತಂಡದವರಿಗೆ ಜುಗುಪ್ಸೆಯಾಯಿತೆಂಬ ಅರ್ಥದ ಮಾತುಗಳನ್ನು ಬರೆದನು. ಆ ತಂತಿ ಹೇಗೋ ಹೊರಬಿದ್ದು ಪತ್ರಿಕೆಯಲ್ಲಿ ಅಚ್ಚಾಗಿ ದೊಡ್ಡ ಕೋಲಾಹಲವಾಯಿತು. ಎರಡು ದೇಶಗಳ ಕ್ರೀಡಾಬಾಂಧವ್ಯದ ತಳದಲ್ಲಿ ಏನಿದೆ ಎಂಬುದು ಇದರ ಬಳಿಕ ಯಾರಿಗೂ ತಿಳಿಯದ ವಿಷಯವಾಗಿರಲಿಲ್ಲ.

1924-25ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಕೆನಡಕ್ಕೆ ಹೋದ ತಂಡವು 32 ಪಂದ್ಯಗಳಲ್ಲಿ ಎಲ್ಲವನ್ನೂ ಗೆದ್ದು 'ಅಜೇಯರು' ಎಂಬ ಬಿರುದು ಪಡೆಯಿತು. ಅದರ ಫುಲ್‌ಬ್ಯಾಕ್ ಜಾರ್ಜ್ ನೆಪಿಯ ಆಗ 19 ವರ್ಷದ ಮಾವೋರಿ ಹುಡುಗ. ಬ್ರಿಟನ್ ಮತ್ತು ಫ್ರಾನ್ಸಿನ ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿ, ಆ ಸ್ಥಾನದಲ್ಲಿ ಅವನಿಗೆ ಸಮಾನರಿಲ್ಲವೆಂಬ ಕೀರ್ತಿಯನ್ನು ಗಳಿಸಿದನು. ಅದೇ ತಂಡದ ಹಾಫ್‌ಬ್ಯಾಕುಗಳಲ್ಲಿ ಒಬ್ಬನಾದ ಜಿಮ್ಮಿ ಮಿಲ್ ಕೂಡ ಮಾವೋರಿ.

ಮೂರು ವರ್ಷಗಳ ತರುವಾಯ, 1928ರಲ್ಲಿ, ದಕ್ಷಿಣ ಆಫ್ರಿಕಕ್ಕೆ ಮೊದಲ ಪೂರ್ಣ ಪ್ರವಾಸಕ್ಕೆ ತಂಡವನ್ನು ಆರಿಸಿದಾಗ ನೆಪಿಯನ ಹೆಸರಾಗಲಿ ಮಿಲ್ಲನ ಹೆಸರಾಗಲಿ ಪಟ್ಟಿಯಲ್ಲಿ ಇರಲಿಲ್ಲ. ಅವರು ಪರೀಕ್ಷೆಯಲ್ಲಿ ಸೋತವರಲ್ಲ. ಅವರಿಗೆ ಪರೀಕ್ಷೆಯೇ ನಡೆಯಲಿಲ್ಲ. ಮಾರಿಸ್ ಬ್ರೌನ್ಲಿಯ ನಾಯಕತ್ವದ ಆ ತಂಡವು ನಾಲ್ಕು ಟೆಸ್ಟುಗಳಲ್ಲಿ ಎರಡನ್ನು ಸೋತು ಎರಡನ್ನು ಗೆದ್ದು ಸಮಬಲ ಸಾಧಿಸಿತು. ಮುಂದೆ 1930ರಲ್ಲಿ ಬ್ರಿಟಿಷ್ ತಂಡವು ನ್ಯೂಜಿಲೆಂಡಿಗೆ ಬಂದಾಗ ನಾಲ್ಕು ಟೆಸ್ಟುಗಳಲ್ಲಿಯೂ ಫುಲ್‌ಬ್ಯಾಕ್ ಸ್ಥಾನದಲ್ಲಿ ನಿಂತವನು ಮತ್ತೆ ಅದೇ ನೆಪಿಯ. 1925ರಲ್ಲಿಯೂ 1930ರಲ್ಲಿಯೂ ಶ್ರೇಷ್ಠನೆನಿಸಿದವನು ನಡುವಣ 1928ರಲ್ಲಿ ಮಾತ್ರ ಯೋಗ್ಯನಲ್ಲವಾದುದು ಹೇಗೆ? ಪಟ್ಟಿಗಳನ್ನು ಸಾಲಾಗಿ ಇರಿಸಿ ನೋಡಿದರೆ, ಒಂದೇ ಪಟ್ಟಿಯಲ್ಲಿ ಕಾಣದ ಕಾರಣವು ಎದ್ದುಕಾಣುತ್ತದೆ.

ಇಲ್ಲಿ ಕಾಲಗಣನೆಯ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ವರ್ಣಭೇದ ನೀತಿಯನ್ನು ತನ್ನ ಧ್ಯೇಯವೆಂದು ಸಾರಿದ ನ್ಯಾಷನಲ್ ಪಕ್ಷವು ದಕ್ಷಿಣ ಆಫ್ರಿಕದಲ್ಲಿ ಅಧಿಕಾರಕ್ಕೆ ಬಂದುದು 1948ರಲ್ಲಿ. ಜನರನ್ನು ಜನಾಂಗವಾರು ನೋಂದಣಿ ಮಾಡುವ ಕಾಯಿದೆ, ವಸತಿಪ್ರದೇಶಗಳನ್ನು ವಿಂಗಡಿಸುವ ಕಾಯಿದೆ, ಇವೆರಡೂ 1950ರವು. ಆದರೆ ವಿಲ್ಸನ್ ಹೊರಗುಳಿದುದು 1919ರಲ್ಲಿ, ನೆಪಿಯ ಹೊರಗುಳಿದುದು 1928ರಲ್ಲಿ. ಆದುದರಿಂದ ಅತಿಥೇಯರ ಕಾಯಿದೆಗೆ ತಲೆಬಾಗಬೇಕಾಯಿತೆಂಬ ಸಮಾಧಾನವು ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಕಾಯಿದೆಗಿಂತ ಮೊದಲೇ ಕಟ್ಟಳೆಯಿತ್ತು. ಆ ಕಟ್ಟಳೆಯನ್ನು ನಡೆಸಿಕೊಟ್ಟವರು ಕರೆದವರಷ್ಟೇ ಅಲ್ಲ, ಹೋದವರು ಕೂಡ.

4. 1949: ಒಂದೇ ದಿನ ಎರಡು ತಂಡಗಳು

ಎರಡನೆಯ ಮಹಾಯುದ್ಧದಲ್ಲಿ ಮಾವೋರಿಗಳಿಗೆ ಕಡ್ಡಾಯ ಸೈನ್ಯಸೇವೆ ಇರಲಿಲ್ಲ. ಆದರೂ ಅವರು ತಾವಾಗಿ ಮುಂದೆ ಬಂದರು. ಮಾವೋರಿಗಳ 28ನೆಯ ಪದಾತಿದಳದಲ್ಲಿ ಸುಮಾರು 3,600 ಮಂದಿ ಸೇವೆ ಸಲ್ಲಿಸಿದರು. ಗ್ರೀಸ್, ಕ್ರೀಟ್, ಉತ್ತರ ಆಫ್ರಿಕ ಮತ್ತು ಇಟಲಿಯ ರಣರಂಗಗಳಲ್ಲಿ 600ಕ್ಕೂ ಹೆಚ್ಚು ಮಂದಿ ಮಡಿದರು. ಹೀಗಿರಲು, 1949ರ ಪ್ರವಾಸಕ್ಕೂ ಮಾವೋರಿಗಳನ್ನು ಪರಿಗಣಿಸುವುದಿಲ್ಲವೆಂದು 1948ರಲ್ಲಿ ರಗ್ಬಿ ಸಂಘವು ಪ್ರಕಟಿಸಿದಾಗ, ಹಿಂದಿಗಿಂತ ಗಟ್ಟಿಯಾದ ಪ್ರತಿಭಟನೆ ಕೇಳಿಬಂದುದು ಆಶ್ಚರ್ಯವಲ್ಲ. ಪ್ರತಿಭಟಿಸಿದವರಲ್ಲಿ ಪ್ರಮುಖನು ಮೇಜರ್ ಜನರಲ್ ಹೊವಾರ್ಡ್ ಕಿಪನ್‌ಬರ್ಗರ್. ಅವನು ನಿವೃತ್ತ ಸೈನಿಕರ ಸಂಘದ ಅಧ್ಯಕ್ಷ. ಯುದ್ಧದಲ್ಲಿ ಮಾವೋರಿಗಳು ತನ್ನ ಕೈಕೆಳಗೆ ಹೋರಾಡಿ ಗಾಯಗೊಂಡುದನ್ನೂ ಸತ್ತುದನ್ನೂ ಕಂಡವನು. ಅವರು ಹೋಗಕೂಡದೆಂದರೆ ಯಾರೂ ಹೋಗಕೂಡದು ಎಂಬುದು ಅವನ ಖಂಡಿತವಾದ ಅಭಿಪ್ರಾಯವಾಗಿತ್ತು. ಸಂಘವು ಮಣಿಯಲಿಲ್ಲ.

ಆಯ್ಕೆಯ ದೃಷ್ಟಿಯಿಂದ ಈ ನಿರ್ಧಾರದ ಪರಿಣಾಮವೇನು? ಅಂದು ದೇಶದಲ್ಲಿದ್ದ ಉತ್ತಮ ಹಾಫ್‌ಬ್ಯಾಕ್ ವಿನ್ಸ್ ಬೆವನ್ ಮಾವೋರಿ ರಕ್ತದವನಾದುದರಿಂದ ಪರಿಗಣನೆಗೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಅತಿ ಚತುರನೆನಿಸಿದ್ದ ಜಾನಿ ಸ್ಮಿತ್, ಬೆನ್ ಕೌಚ್ ಇವರಿಗೂ ಅದೇ ಗತಿಯಾಯಿತು. ಫ್ರೆಡ್ ಆಲನ್ನನ ನಾಯಕತ್ವದಲ್ಲಿ ಹೋದ ತಂಡವು ನಾಲ್ಕು ಟೆಸ್ಟುಗಳನ್ನೂ ಸೋತಿತು. ಸ್ಕ್ರಮ್ಮಿನಿಂದ ಚೆಂಡು ಶೀಘ್ರವಾಗಿ ಹಿಂದಕ್ಕೆ ಬಾರದೆ ಹೋದುದು, ಅರ್ಥಾತ್ ಕೊಂಡಿ ದುರ್ಬಲವಾದುದು, ಸೋಲಿನ ಕಾರಣಗಳಲ್ಲಿ ಒಂದೆಂದು ಅನೇಕರು ಬರೆದಿದ್ದಾರೆ. ಆದರೆ ಅದೊಂದೇ ಕಾರಣವೆಂದು ನಾವು ಹೇಳಲಾರೆವು. ಮೊದಲನೆಯ ಟೆಸ್ಟಿನಲ್ಲಿ ದಕ್ಷಿಣ ಆಫ್ರಿಕ ಪಡೆದ 15 ಅಂಕಗಳೂ ಓಕಿ ಗೆಫಿನ್ ಎಂಬವನು ಒದ್ದ ಐದು ದಂಡನಾ ಒದೆತಗಳಿಂದ ಬಂದುವು. ಅದಕ್ಕೆ ಯಾವ ಹಾಫ್‌ಬ್ಯಾಕನೂ ಏನೂ ಮಾಡುವಂತಿರಲಿಲ್ಲ. ಹೊರಗುಳಿದವರು ಇದ್ದಿದ್ದರೆ ಗೆಲ್ಲುತ್ತಿದ್ದೆವೆಂಬ ವಾದವು ಅಭಿಮಾನಿಗಳಿಗೆ ಒಪ್ಪುತ್ತದೆ, ಇತಿಹಾಸಕಾರನಿಗೆ ಒಪ್ಪುವುದಿಲ್ಲ. ಅಲ್ಲದೆ ಈ ವಾದದಲ್ಲಿ ಇನ್ನೊಂದು ದೋಷವೂ ಇದೆ. ಗೆದ್ದು ಬಂದಿದ್ದರೆ ಆ ಆಯ್ಕೆ ಸರಿಯಾಗುತ್ತಿತ್ತೆ? 1928ರಲ್ಲಿ ಸಮಬಲವಾದುದರಿಂದ ನೆಪಿಯನಿಗೆ ಆದ ಅನ್ಯಾಯ ಅರ್ಧವಾಯಿತೆ? ಫಲಿತಾಂಶದಿಂದ ನ್ಯಾಯವನ್ನು ಅಳೆಯುವುದು ಸರಿಯಾದ ಕ್ರಮವಲ್ಲ.

ಈ ಕಥೆಯಲ್ಲಿ ಅತ್ಯಂತ ವಿಚಾರಾರ್ಹವಾದ ದಿನ 1949ರ ಸೆಪ್ಟೆಂಬರ್ 3. ಅಂದು ನ್ಯೂಜಿಲೆಂಡಿನ ಹೆಸರಿನಲ್ಲಿ ಎರಡು ತಂಡಗಳು ಎರಡು ಖಂಡಗಳಲ್ಲಿ ಟೆಸ್ಟ್ ಪಂದ್ಯವನ್ನಾಡಿದುವು. ಒಂದು ಡರ್ಬನ್ನಿನಲ್ಲಿ ದಕ್ಷಿಣ ಆಫ್ರಿಕದ ಎದುರು 9-3ರಿಂದ ಸೋತಿತು. ಇನ್ನೊಂದು ವೆಲಿಂಗ್ಟನ್ನಿನಲ್ಲಿ, ಪ್ರವಾಸ ಬಂದಿದ್ದ ಆಸ್ಟ್ರೇಲಿಯದ ಎದುರು 11-6ರಿಂದ ಸೋತಿತು. ವೆಲಿಂಗ್ಟನ್ನಿನ ತಂಡದ ನಾಯಕ ಜಾನಿ ಸ್ಮಿತ್. ಬೆವನ್ ಅದರ ಹಾಫ್‌ಬ್ಯಾಕ್. ತನ್ನ ದೇಶದ ನೆಲದ ಮೇಲೆ ರಾಷ್ಟ್ರತಂಡದ ನಾಯಕನಾಗಲು ಯೋಗ್ಯನಾದವನು, ಅದೇ ದಿನ ಬೇರೊಂದು ನೆಲದ ಮೇಲೆ ಅದೇ ರಾಷ್ಟ್ರತಂಡದ ಮೂವತ್ತರಲ್ಲಿ ಒಬ್ಬನಾಗಲೂ ಅರ್ಹನಲ್ಲ. ಒಂದು ರಾಷ್ಟ್ರಕ್ಕೆ ಎರಡು ತಂಡಗಳಿದ್ದವೆಂದಲ್ಲ. ಒಂದು ರಾಷ್ಟ್ರಕ್ಕೆ ಎರಡು ಅಳತೆಗೋಲುಗಳಿದ್ದುವು. ಮರುವರ್ಷ ಬ್ರಿಟಿಷ್ ತಂಡ ಬಂದಾಗ ಬೆವನ್ ಮತ್ತೆ ಟೆಸ್ಟ್ ತಂಡದ ಹಾಫ್‌ಬ್ಯಾಕನಾದನು.

5. 1960: ಸಂಘದ ವಾದಗಳ ಪರಿಶೀಲನೆ

1956ರಲ್ಲಿ ಸ್ಪ್ರಿಂಗ್‌ಬಾಕ್ ತಂಡವು ನ್ಯೂಜಿಲೆಂಡಿಗೆ ಬಂದು 3-1ರಿಂದ ಸೋತುಹೋಯಿತು. ಆ ಸರಣಿಯ ಮೊದಲ ಟೆಸ್ಟುಗಳಲ್ಲಿ ಫುಲ್‌ಬ್ಯಾಕನಾಗಿದ್ದ ಪ್ಯಾಟ್ ವಾಲ್ಷ್ ಮಾವೋರಿ. 1960ರ ಮರುಪ್ರವಾಸಕ್ಕೆ ಅವನೂ ಅನರ್ಹನಾದನು. ಆದರೆ ಈ ಬಾರಿ ಸಾರ್ವಜನಿಕರ ವಿರೋಧವು ಸಂಘಟಿತವಾಯಿತು. 'ಮಾವೋರಿಗಳಿಲ್ಲದೆ ಪ್ರವಾಸವಿಲ್ಲ' ಎಂಬ ಘೋಷಣೆಯೊಂದಿಗೆ ನಾಗರಿಕರ ಸಂಘವೊಂದು ಹುಟ್ಟಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ರುಜುಗಳನ್ನು ಸಂಗ್ರಹಿಸಿತು. ಅಂದಿನ ಒಟ್ಟು ಜನಸಂಖ್ಯೆ 24 ಲಕ್ಷದಷ್ಟೆಂಬುದನ್ನು ನೆನೆದರೆ ಈ ಸಂಖ್ಯೆಯ ಮಹತ್ತ್ವ ತಿಳಿಯುತ್ತದೆ. ವಾಲ್ಟರ್ ನ್ಯಾಷ್‌ರ ಲೇಬರ್ ಸರ್ಕಾರವು ಇದು ಸಂಘಕ್ಕೆ ಬಿಟ್ಟ ವಿಷಯವೆಂದು ಕೈಹಾಕಲಿಲ್ಲ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಬಲಿಯಾದರು. ಮೇ ತಿಂಗಳಲ್ಲಿ ತಂಡ ಹೊರಟಿತು. ಒಂದು ಗೆಲವು, ಒಂದು ಸಮ, ಎರಡು ಸೋಲು. ಇದು ವಿಲ್ಸನ್ ವೈನರೆಯ ತಂಡದ ಫಲಿತಾಂಶ.

ಸಂಘದವರು ಮುಂದಿಟ್ಟ ವಾದಗಳನ್ನು ನ್ಯಾಯವಾಗಿ ಪರಿಶೀಲಿಸುವುದು ನಮ್ಮ ಕರ್ತವ್ಯ. ಅವು ಮುಖ್ಯವಾಗಿ ಮೂರು. ಮೊದಲನೆಯದು, ಮಾವೋರಿ ಆಟಗಾರರಿಗೆ ದಕ್ಷಿಣ ಆಫ್ರಿಕದಲ್ಲಿ ಅವಮಾನವಾಗದಂತೆ ಕಾಪಾಡುವುದಕ್ಕಾಗಿಯೇ ಅವರನ್ನು ಬಿಡಲಾಯಿತೆಂಬುದು. ಇದು ಕೇವಲ ಕಪಟವಾದವಲ್ಲ. ಅವಮಾನದ ಸಂಭವ ನಿಜವಾಗಿತ್ತು, ಮಾವೋರಿಗಳಲ್ಲಿಯೇ ಕೆಲವರು ಈ ಮಾತನ್ನು ಒಪ್ಪಿದ್ದರು. ಆದರೆ ಅವಮಾನವಾಗುವ ಮನೆಗೆ ಮನೆಮಂದಿಯಲ್ಲಿ ಕೆಲವರನ್ನು ಬಿಟ್ಟು ಉಳಿದವರು ಔತಣಕ್ಕೆ ಹೋಗುವುದು ಕಾಪಾಡುವ ಕ್ರಮವಲ್ಲ. ಪರರಿಂದ ಆಗಬಹುದಾದ ಅವಮಾನವನ್ನು ತಪ್ಪಿಸಲು ತಮ್ಮವರೇ ಮೊದಲು ಅವಮಾನ ಮಾಡಿದಂತಾಯಿತು.

ಎರಡನೆಯದು, ಅತಿಥಿಯು ಅತಿಥೇಯನ ರೀತಿಗೆ ಹೊಂದಿಕೊಳ್ಳಬೇಕೆಂಬುದು. ಊಟೋಪಚಾರಗಳಲ್ಲಿ ಇದು ಸರಿಯಾದ ನಿಯಮ. ಆದರೆ ಅತಿಥಿಯಾಗಿ ಯಾರು ಬರಬೇಕು ಎಂಬುದನ್ನು ಅತಿಥೇಯನು ನಿರ್ಣಯಿಸತೊಡಗಿದರೆ, ಹೋಗುವ ತಂಡವು ಯಾರ ತಂಡ? ಆಯ್ಕೆಯ ಮೊದಲನೆಯ ಹಂತವನ್ನು ಎದುರಾಳಿಗೆ ಒಪ್ಪಿಸಿದ ಮೇಲೆ ಉಳಿದುದನ್ನು ರಾಷ್ಟ್ರತಂಡವೆಂದು ಕರೆಯುವುದು ಕಷ್ಟ.

ಮೂರನೆಯದು, ಆಟದಲ್ಲಿ ರಾಜಕೀಯವನ್ನು ಬೆರೆಸಬಾರದೆಂಬುದು. ತತ್ತ್ವವಾಗಿ ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಬೆರೆಸಿದವರು ಯಾರು ಎಂಬುದೇ ಪ್ರಶ್ನೆ. ಜನಾಂಗವನ್ನು ನೋಡಿ ಆರಿಸುವುದು ಆಟದ ನಿಯಮವಲ್ಲ. ಅದು ರಾಜ್ಯನೀತಿಯ ನಿಯಮ. ಅದನ್ನು ವಿರೋಧಿಸಿದವರು ಆಟವನ್ನು ಆಟದ ನಿಯಮಕ್ಕೆ ಮರಳಿಸಬೇಕೆಂದು ಕೇಳಿದರು. ಭಾರತವು ದಕ್ಷಿಣ ಆಫ್ರಿಕದಲ್ಲಿದ್ದ ಭಾರತೀಯರ ಪ್ರಶ್ನೆಯನ್ನು 1946ರಲ್ಲಿಯೇ ವಿಶ್ವಸಂಸ್ಥೆಯ ಮುಂದೆ ತಂದಾಗಲೂ, ಅದು ತಮ್ಮ ಆಂತರಿಕ ವಿಷಯವೆಂಬುದು ದಕ್ಷಿಣ ಆಫ್ರಿಕದ ಉತ್ತರವಾಗಿತ್ತು. ಪ್ರಶ್ನೆ ಕೇಳಿದವನ ಮೇಲೆಯೇ ಅತಿಕ್ರಮಣದ ಆರೋಪ ಹೊರಿಸುವ ಈ ಕ್ರಮ ಎರಡೆಡೆಯೂ ಒಂದೇ.

6. 1965ರಿಂದ 1970: ಬಾಗಿಲು ತೆರೆದ ಬಗೆ

1965ರ ಸೆಪ್ಟೆಂಬರಿನಲ್ಲಿ, ಸ್ಪ್ರಿಂಗ್‌ಬಾಕ್ ತಂಡವು ನ್ಯೂಜಿಲೆಂಡಿನಲ್ಲಿ ಪ್ರವಾಸ ಮಾಡುತ್ತಿರುವಾಗಲೇ, ದಕ್ಷಿಣ ಆಫ್ರಿಕದ ಪ್ರಧಾನಿ ವೆರ್ವುಡ್ ಲೋಸ್ಕೊಪ್ ಎಂಬಲ್ಲಿ ಮಾಡಿದ ಭಾಷಣದಲ್ಲಿ ಮಾವೋರಿಗಳನ್ನು ತಮ್ಮ ದೇಶವು ಸ್ವೀಕರಿಸದೆಂಬುದನ್ನು ಸ್ಪಷ್ಟಪಡಿಸಿದನು. ಅದುವರೆಗೆ ಸಂಘ ಸಂಘಗಳ ನಡುವೆ ಪಿಸುಮಾತಿನಲ್ಲಿ ನಡೆಯುತ್ತಿದ್ದುದು ಬಹಿರಂಗವಾಯಿತು. ಒಂದು ಜನತೆಯಾಗಿರುವ ದೇಶವನ್ನು ಜನಾಂಗ ನೋಡಿ ಆರಿಸಿದ ತಂಡವು ಪ್ರತಿನಿಧಿಸಲಾರದೆಂದು ನ್ಯೂಜಿಲೆಂಡಿನ ಪ್ರಧಾನಿ ಹೋಲಿಯೋಕ್ ಅಭಿಪ್ರಾಯ ನೀಡಿದನು. 1967ರ ಪ್ರವಾಸದ ಆಹ್ವಾನವನ್ನು ರಗ್ಬಿ ಸಂಘವು 1966ರಲ್ಲಿ ನಿರಾಕರಿಸಿತು. ಬದಲಾಗಿ ಬ್ರಿಟನ್, ಫ್ರಾನ್ಸ್ ಮತ್ತು ಕೆನಡಕ್ಕೆ ಹೋದ ತಂಡ ಒಂದೂ ಸೋಲಿಲ್ಲದೆ ಮರಳಿತು. ನಿರಾಕರಣೆಯಿಂದ ಆಟಕ್ಕೆ ಹಾನಿಯಾಗುವುದೆಂಬ ಭಯ ನಿರಾಧಾರವೆಂದು ಇದರಿಂದ ತೋರಿಬಂದಿತು.

ಪ್ರವಾಸ ನಿಲ್ಲುವುದನ್ನು ಕಂಡಮೇಲೆ ದಕ್ಷಿಣ ಆಫ್ರಿಕದ ಸರ್ಕಾರ ತುಸು ಸಡಿಲಿಸಿತು. 1970ರ ತಂಡದಲ್ಲಿ ಸಿಡ್ ಗೋಯಿಂಗ್, ಬ್ಲೇರ್ ಫರ್ಲಾಂಗ್, ಬಫ್ ಮಿಲ್ನರ್ ಎಂಬ ಮೂವರು ಮಾವೋರಿಗಳೂ, ಸಮೋವ ಮೂಲದ 19 ವರ್ಷದ ಬ್ರಯಾನ್ ವಿಲಿಯಮ್ಸನೂ ಇದ್ದರು. ಗೋಯಿಂಗ್ ಹಾಫ್‌ಬ್ಯಾಕ್. ಮಿಲ್, ಬೆವನ್ ಇವರಿಗೆ ದೊರೆಯದ ಸ್ಥಾನ 42 ವರ್ಷಗಳ ಅನಂತರ ಅವನಿಗೆ ದೊರೆಯಿತು. ಆದರೆ ಯಾವ ಹೆಸರಿನಲ್ಲಿ? 'ಗೌರವ ಬಿಳಿಯರು' ಎಂಬ ಹೆಸರಿನಲ್ಲಿ. ಅವರು ಮಾವೋರಿಗಳಾಗಿ ಆ ದೇಶವನ್ನು ಪ್ರವೇಶಿಸಲಿಲ್ಲ. ಪ್ರವಾಸದ ಅವಧಿಗೆ ಬಿಳಿಯರೆಂದು ಪರಿಗಣಿತರಾಗಿ ಪ್ರವೇಶಿಸಿದರು. ಪಟ್ಟಿ ತುಂಬಿತು, ಅಳತೆಗೋಲು ಬದಲಾಗಲಿಲ್ಲ. ಹಾಗೆಂದು ಈ ಪ್ರವಾಸ ನಿಷ್ಫಲವೆನ್ನಲಾಗದು. ಬ್ರಯಾನ್ ವಿಲಿಯಮ್ಸನ ಓಟವನ್ನು ಕಂಡು ಅಲ್ಲಿಯ ಜನ ಮೆಚ್ಚಿ ಹೊಗಳಿದರೆಂಬುದೂ ಸತ್ಯ. ಸರಣಿ ಮಾತ್ರ 3-1ರಿಂದ ದಕ್ಷಿಣ ಆಫ್ರಿಕದ್ದಾಯಿತು.

7. ಅನಂತರದ ಘಟನೆಗಳು

1970ರ ಬಳಿಕ ಪ್ರಶ್ನೆಯ ಸ್ವರೂಪ ಬದಲಾಯಿತು. ತಂಡದಲ್ಲಿ ಯಾರಿರಬೇಕು ಎಂಬುದಕ್ಕೆ ಬದಲಾಗಿ ಆ ದೇಶದೊಡನೆ ಆಡಬೇಕೆ ಎಂಬುದು ಮುಂದೆ ಬಂದಿತು. 1973ರಲ್ಲಿ ಪ್ರಧಾನಿ ನಾರ್ಮನ್ ಕಿರ್ಕ್ ಸ್ಪ್ರಿಂಗ್‌ಬಾಕ್ ಪ್ರವಾಸವನ್ನು ತಡೆದರು. 1976ರಲ್ಲಿ, ಸೊವೆಟೊ ದಂಗೆಯಾದ ಕೆಲವೇ ದಿನಗಳಲ್ಲಿ, ಆಲ್ ಬ್ಲ್ಯಾಕ್ಸ್ ಮತ್ತೆ ದಕ್ಷಿಣ ಆಫ್ರಿಕಕ್ಕೆ ಹೋದುದನ್ನು ಪ್ರತಿಭಟಿಸಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು, ಬಹುತೇಕ ಆಫ್ರಿಕದವು, ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ದೂರ ಉಳಿದುವು. 1981ರಲ್ಲಿ ಸ್ಪ್ರಿಂಗ್‌ಬಾಕ್ ತಂಡ ನ್ಯೂಜಿಲೆಂಡಿಗೆ ಬಂದಾಗ ಮನೆ ಮನೆಗಳೇ ಒಡೆದು ಎರಡಾದುವು. ಹ್ಯಾಮಿಲ್ಟನ್ನಿನ ಪಂದ್ಯವನ್ನು ಪ್ರತಿಭಟನಕಾರರು ಅಂಗಣಕ್ಕಿಳಿದು ನಿಲ್ಲಿಸಿದರು. ಆಯ್ಕೆಯ ಇತಿಹಾಸದ ದೃಷ್ಟಿಯಿಂದ ಆ ವರ್ಷದ ಎರಡು ಸಂಗತಿಗಳು ಸ್ಮರಣೀಯ. ರಾಷ್ಟ್ರತಂಡದ ನಾಯಕ ಗ್ರಹಾಂ ಮೌರಿ ಈ ಸರಣಿಗೆ ತನ್ನನ್ನು ಪರಿಗಣಿಸಬೇಡಿರೆಂದು ತಾನಾಗಿ ಹಿಂದೆ ಸರಿದನು. ಅದುವರೆಗೆ ಅರ್ಹತೆಯ ಹಂತವು ಇತರರು ಆಟಗಾರನ ಮೇಲೆ ಹೇರುವ ತೀರ್ಪಾಗಿತ್ತು. ಇಲ್ಲಿ ಆಟಗಾರನೇ ಆಯ್ಕೆಯ ಅರ್ಹತೆಯ ಬಗೆಗೆ ತೀರ್ಪು ಕೊಟ್ಟನು. ಎರಡನೆಯದು: ಪ್ರವಾಸಕ್ಕೆ ರಕ್ಷಣೆಯೊದಗಿಸಿದ ಪೊಲೀಸ್ ಖಾತೆಯ ಸಚಿವನು ಬೇರಾರೂ ಅಲ್ಲ, 1949ರಲ್ಲಿ ಅನರ್ಹನಾಗಿದ್ದ ಅದೇ ಬೆನ್ ಕೌಚ್, ಅವನು ಪ್ರವಾಸದ ಪರವಾಗಿಯೇ ಇದ್ದನು. ಅನ್ಯಾಯಕ್ಕೊಳಗಾದವರೆಲ್ಲರೂ ಒಂದೇ ಬಗೆಯಾಗಿ ಯೋಚಿಸುತ್ತಾರೆಂಬ ನಮ್ಮ ಸುಲಭವಾದ ಊಹೆಗೆ ಇದೊಂದು ಎಚ್ಚರಿಕೆ.

1985ರ ಪ್ರವಾಸವನ್ನು ನಿಲ್ಲಿಸಿದುದು ನ್ಯಾಯಾಲಯ. ಸ್ಥಳೀಯ ಕ್ಲಬ್ಬುಗಳ ಸದಸ್ಯರಾದ ಇಬ್ಬರು ವಕೀಲರು, ಆಟದ ಅಭಿವೃದ್ಧಿಯೇ ಧ್ಯೇಯವೆಂದು ಬರೆದುಕೊಂಡಿರುವ ಸಂಘವು ಆಟಕ್ಕೆ ಅಪಕೀರ್ತಿ ತರುವ ಪ್ರವಾಸವನ್ನು ಹೇಗೆ ಕೈಗೊಳ್ಳಬಹುದು ಎಂದು ಕೇಳಿ ತಾತ್ಕಾಲಿಕ ತಡೆಯಾಜ್ಞೆ ಪಡೆದರು. ದೊಡ್ಡ ತತ್ತ್ವಗಳಿಂದ ಆಗದ ಕೆಲಸ ಸಂಘದ ಸ್ವಂತ ನಿಬಂಧನೆಯ ಒಂದು ವಾಕ್ಯದಿಂದ ಆಯಿತು. 2010ರಲ್ಲಿ, ಮೊದಲ ಮಾವೋರಿ ಪ್ರಾತಿನಿಧಿಕ ತಂಡದ ಶತಮಾನೋತ್ಸವದ ವರ್ಷ, ನ್ಯೂಜಿಲೆಂಡಿನ ರಗ್ಬಿ ಸಂಘವು ಹೊರಗಿಟ್ಟ ಆಟಗಾರರ ಮತ್ತು ಅವರ ಮನೆತನಗಳವರ ಕ್ಷಮೆಯನ್ನು ಬಹಿರಂಗವಾಗಿ ಕೇಳಿತು. ದಕ್ಷಿಣ ಆಫ್ರಿಕದ ಸಂಘವೂ ಕೇಳಿತು. ನೆಪಿಯ 1986ರಲ್ಲಿಯೇ ತೀರಿಕೊಂಡಿದ್ದನು.

8. ಸಮಾರೋಪ

ಈ ವಿವೇಚನೆಯಿಂದ ಮೂರು ನಿರ್ಣಯಗಳಿಗೆ ಬರಬಹುದೆಂದು ತೋರುತ್ತದೆ. ಆಯ್ಕೆಯ ಪಟ್ಟಿಯು ಸಾಮರ್ಥ್ಯದ ದಾಖಲೆಯಂತೆ ಕಂಡರೂ ಅದರ ಹಿಂದೆ ಅರ್ಹತೆಯ ದಾಖಲೆಯೊಂದು ಅಡಗಿರುತ್ತದೆ. ಒಂದೇ ವರ್ಷದ ಪಟ್ಟಿಯಿಂದ ಅದು ಸಿಕ್ಕುವುದಿಲ್ಲ, ಹಿಂದುಮುಂದಿನ ಪಟ್ಟಿಗಳೊಡನೆ ಹೋಲಿಸಿದಾಗ ಸಿಕ್ಕುತ್ತದೆ. ಎರಡನೆಯದಾಗಿ, ಹೊರಗಿಡುವ ಕಾರ್ಯಕ್ಕೆ ಕಾಯಿದೆಯೇ ಬೇಕೆಂದಿಲ್ಲ. ಅತಿಥೇಯನ ಮುಖಭಾವವನ್ನು ಮುಂಚಿತವಾಗಿ ಅರಿತು ನಡೆಯುವ ಸಭ್ಯತೆಯೂ ಸಾಕಾಗುತ್ತದೆ. ಮೂರನೆಯದಾಗಿ, ಒಳಕ್ಕೆ ಕರೆದುಕೊಳ್ಳುವುದೂ ಯಾವಾಗಲೂ ನ್ಯಾಯವಲ್ಲ. ಯಾವ ಹೆಸರಿನಲ್ಲಿ ಕರೆದುಕೊಳ್ಳಲಾಯಿತೆಂಬುದನ್ನು 1970ರ ನಿದರ್ಶನದಂತೆ ಕೇಳಿಯೇ ತೀರಬೇಕು.

ನಮ್ಮ ಕಾಲೇಜುಗಳಲ್ಲಿ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿಗೆ ಇಂಥ ಪಟ್ಟಿಗಳು ದೂರದ ವಸ್ತುಗಳಲ್ಲ. ಸಮಿತಿಗಳ ಪಟ್ಟಿ, ಪಾರಿತೋಷಕಗಳ ಪಟ್ಟಿ, ಶಾಲೆಯ ಹಳೆಯ ಹಾಜರಿ ಪುಸ್ತಕ, ಊರಿನ ಪಂದ್ಯಾವಳಿಯ ತಂಡಗಳ ಹೆಸರುಗಳು, ಇವೆಲ್ಲವೂ ಎಲ್ಲೆಡೆ ದೊರೆಯುತ್ತವೆ. ಅವುಗಳಲ್ಲಿರುವ ಹೆಸರುಗಳನ್ನು ಎಣಿಸಿದ ಮೇಲೆ, ಪರೀಕ್ಷೆಗೂ ಕರೆಯಲ್ಪಡದೆ ಉಳಿದವರು ಯಾರು ಎಂಬ ಪ್ರಶ್ನೆಯನ್ನು ಕೇಳಿ ನೋಡಬೇಕು. ಉತ್ತರವು ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಪ್ರಶ್ನೆಗೆ ದಾರಿ ತೋರಿಸುವುದು ಆ ಪಟ್ಟಿಯೇ.